ಉಂಡವನು ಓಡಬಾರದು

ನಮ್ಮ ಮನೆಯಲ್ಲಿ ಒಲೆ ಎರಡು. ಮೇಲಿನದ್ದು ನಮಗೆ, ಕೆಳಗಿನದ್ದು ಸತ್ತವರಿಗೆ. ಕಾಶಿಯ ಶಿವಾಲದಲ್ಲಿ, ಕೇದಾರ ಘಾಟಿನ ಕಡೆ ಇಳಿಯುವ ಗಲ್ಲಿಯೊಂದರಲ್ಲಿ, ಎರಡು ಸೈಕಲ್ಲು ಎದುರುಬದುರಾದರೆ ಒಂದನ್ನು ಎತ್ತಿ ಹಿಡಿಯಬೇಕಾದ ಜಾಗದಲ್ಲಿ ಆ ಮನೆ. ಅಪ್ಪ ಪುರೋಹಿತರು. ಕರ್ನಾಟಕದಿಂದ ಶ್ರಾದ್ಧ, ಪಿಂಡಪ್ರದಾನ ಎಂದು ಕಾಶಿಗೆ ಬರುವವರು ಊರಲ್ಲಿ ಯಾರೋ ಹೇಳಿ ಕಳಿಸಿದ ಅವರ ಹೆಸರನ್ನು ದಶಾಶ್ವಮೇಧ ಘಾಟಿನಲ್ಲಿ ಕೇಳಿಕೊಂಡು, ದಾರಿ ತಪ್ಪಿ, ಬೆವರಿ, ಕೊನೆಗೆ ನಮ್ಮ ಬಾಗಿಲಿಗೆ ಬರುತ್ತಿದ್ದರು. ಕೆಳಗೆ ಉದ್ದನೆಯ ಹಜಾರ, ಅದರ ಪಕ್ಕದಲ್ಲಿ ಬಂದವರು ಉಳಿಯಲು ಕಿಟಕಿಯಿಲ್ಲದ ಕೋಣೆಗಳು, ಹಿಂದೆ ಮಡಿಯ ಅಡುಗೆಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಕೋತಿಗಳು ಇಳಿಯದ ಹಾಗೆ ಅದರ ಮೇಲೆ ಕಬ್ಬಿಣದ ಜಾಲರಿ. ಮೇಲಿನ ಎರಡು ಕೋಣೆಗಳಲ್ಲಿ ನಾವಿದ್ದೆವು: ಅಪ್ಪ, ಅಮ್ಮ, ಅಜ್ಜಿ, ನಾನು. ಬೆಳಗಾದರೆ ಉದ್ದಿನ ವಡೆ ಕರಿಯುವ ವಾಸನೆ ಮೆಟ್ಟಿಲು ಹತ್ತಿ ನಮ್ಮ ಹಾಸಿಗೆಯವರೆಗೆ ಬರುತ್ತಿತ್ತು. ಬೇರೆ ಮನೆಗಳಲ್ಲಿ ವಡೆಯ ವಾಸನೆಗೆ ಮಕ್ಕಳು ಕುಣಿಯುತ್ತಾರಂತೆ. ನನಗೆ ಈಗಲೂ ಅದು ಮೂಗಿಗೆ ಬಡಿದರೆ ಸುಸ್ತಾಗುತ್ತದೆ.

ನನ್ನನ್ನು ಹುಡುಕಿಕೊಂಡು ಯಾರಾದರೂ ಬಂದರೆ, ಅಂಥವರು ಈಗ ಅಪರೂಪ, ಕೇಳುವುದು ಕೊಲ್ಕತ್ತಾದ ಬಗ್ಗೆ. ಎಷ್ಟು ಗೋಲು ಹೊಡೆದಿರಿ, ಯಾಕೆ ಬಿಟ್ಟಿರಿ, ಇವತ್ತಿನವರ ಆಟ ಹೇಗನ್ನಿಸುತ್ತದೆ. ಫುಟ್‌ಬಾಲ್ ಆಡಿ ನಾನು ಸಂಬಳ ತೆಗೆದುಕೊಂಡದ್ದು ಬರೀ ಎರಡು ಸೀಸನ್ನು. ಅದನ್ನು ಹೇಳಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ಆದರೆ ಆ ಎರಡು ಸೀಸನ್ನಿಗೆ ಮುಂಚಿನದ್ದೂ ಆಮೇಲಿನದ್ದೂ ನಡೆದದ್ದು ಈ ಹಜಾರದಲ್ಲಿ, ಈ ಮೆಟ್ಟಿಲಿನ ಮೇಲೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಇಲ್ಲಿ ಹೇಳಿಬಿಡುತ್ತೇನೆ, ಮತ್ತೆ ಮತ್ತೆ ಹೇಳುವ ತ್ರಾಣ ನನಗಿಲ್ಲ.

ಶ್ರಾದ್ಧದಲ್ಲಿ ಸತ್ತವರ ಹೆಸರಿನಲ್ಲಿ ಬ್ರಾಹ್ಮಣರನ್ನು ಕೂರಿಸಿ ಉಣಿಸಬೇಕು. ಸತ್ತವರೇ ಬಂದು ಅವರ ಬಾಯಿಂದ ಉಣ್ಣುತ್ತಾರೆ ಎಂದು ನಂಬಿಕೆ. ಮಂತ್ರ ಹೇಳುವವರು ಕಾಶಿಯಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ, ಎಲೆಗೆ ಕೂರುವವರು ಸಿಗುವುದಿಲ್ಲ. ಸತ್ತವರ ಅನ್ನ ಉಂಡರೆ ಅವರ ಪಾಪದ ಪಾಲು ತಮಗೂ ಅಂಟುತ್ತದೆ ಎಂದು, ಸ್ವಲ್ಪ ಅನುಕೂಲವಿದ್ದವರೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಪಿತೃಪಕ್ಷ ಬಂತೆಂದರೆ ಅಪ್ಪ ಬೆಳಗಿನ ಜಾವವೇ ಎದ್ದು ತೆಲುಗರ ಮನೆ, ತಮಿಳರ ಮನೆ, ಮರಾಠಿ ಭಟ್ಟರ ಮನೆ ಎಂದು ಅಲೆಯುತ್ತಿದ್ದರು. ನನಗೆ ಮುಂಜಿಯಾದ ಮೇಲೆ ಈ ಅಲೆದಾಟ ಕಡಿಮೆಯಾಯಿತು. ಯಾರು ಕೈಕೊಟ್ಟರೂ ಮನೆಯಲ್ಲೇ ಒಬ್ಬನಿದ್ದ. ನಾನು ಶಿವಮೊಗ್ಗದ ವಕೀಲರ ಅಪ್ಪನಾಗಿ ಉಂಡಿದ್ದೇನೆ, ಹಾಸನದ ಯಾವುದೋ ಅಂಗಡಿಯವರ ತಾತನಾಗಿ ಉಂಡಿದ್ದೇನೆ. ಮೀಸೆ ಬರುವ ಮೊದಲೇ ಎಷ್ಟೋ ಮುದುಕರಾಗಿದ್ದೆ. ಉಣ್ಣುವುದೇನು ಕಷ್ಟ ಅನ್ನಿಸಬಹುದು. ಊಟ ಮುಗಿದ ಮೇಲೆ ಕಷ್ಟ ಶುರುವಾಗುತ್ತಿತ್ತು. ಎಲೆಯಿಂದ ಎದ್ದವನು ಮರುದಿನ ಸೂರ್ಯ ಹುಟ್ಟುವವರೆಗೆ ಮತ್ತೆ ಉಣ್ಣುವಂತಿಲ್ಲ, ಊರು ದಾಟುವಂತಿಲ್ಲ, ಭಾರ ಹೊರುವಂತಿಲ್ಲ, ಮೈ ದಣಿಸುವಂತಿಲ್ಲ. ಅವನೊಳಗೆ ಕೂತವರು ನೆಮ್ಮದಿಯಾಗಿ ಕೂತಿರಲಿ ಎಂದು. ಅಜ್ಜಿ ಇದನ್ನೆಲ್ಲ ನನಗೆ ಒಂದೇ ಮಾತಿನಲ್ಲಿ ಕಲಿಸಿದ್ದಳು.

"ಉಂಡವನು ಓಡಬಾರದು ಕಣೋ. ಅಷ್ಟು ನೆನಪಿಟ್ಕೋ, ಸಾಕು."

ನನಗೆ ಓಡುವುದೊಂದೇ ಬರುತ್ತಿತ್ತು. ಮದನಪುರದ ನೇಕಾರರ ಹುಡುಗ ನಸೀಮ್ ನನ್ನ ಜೊತೆ ಒಂದೇ ಶಾಲೆಯಲ್ಲಿದ್ದ. ಅವನೇ ನನ್ನನ್ನು ಭೇಲುಪುರದ ಆಚೆಯ ಮೈದಾನಕ್ಕೆ ಕರೆದುಕೊಂಡು ಹೋದವನು. ಅವನು ಗೋಲ್‌ಕೀಪರ್, ನಾನು ರೈಟ್ ವಿಂಗ್. ಗೆರೆಯ ಪಕ್ಕದಲ್ಲೇ ಚೆಂಡು ಒಯ್ದು ಒಳಗೆ ಹಾಕುವುದು ನನ್ನ ಕೆಲಸ. ಗಲ್ಲಿಯಲ್ಲಿ ಗೂಳಿ, ಸೈಕಲ್ಲು, ಹೆಣದ ಚಟ್ಟ ಎಲ್ಲದರ ಪಕ್ಕದಲ್ಲಿ ನುಸುಳಿ ಬೆಳೆದವನಿಗೆ ಅದೇನು ದೊಡ್ಡದಲ್ಲ. ಬೂಟು ಚರ್ಮದ್ದು, ಚೆಂಡೂ ಚರ್ಮದ್ದು, ಎರಡೂ ನಮ್ಮ ಹೊಸಿಲು ದಾಟುವ ಹಾಗಿರಲಿಲ್ಲ. ನನ್ನ ಬೂಟು ನಸೀಮನ ಮನೆಯಲ್ಲಿ, ಮಗ್ಗದ ಕೆಳಗೆ ಇರುತ್ತಿತ್ತು. ಅವನ ಅಮ್ಮಿ ಅದಕ್ಕೆ ಎಣ್ಣೆ ಹಚ್ಚಿ ಇಡುತ್ತಿದ್ದಳು. ಆಡಿ ಬಂದವನಿಗೆ ನಮ್ಮ ಮನೆಯಲ್ಲಿ ಮೊದಲು ಸಿಗುತ್ತಿದ್ದದ್ದು ಅಂಗಳದ ತಣ್ಣೀರು. ಅಮ್ಮ ಮೇಲಿನ ಕಟಾಂಜನದಿಂದಲೇ ಕೂಗುತ್ತಿದ್ದಳು.

"ಅಲ್ಲೇ ನಿಂತ್ಕೋ. ಚಡ್ಡಿ ಸಮೇತ ನೆನೀಬೇಕು. ಏನನ್ನೂ ಮುಟ್ಬೇಡ."

"ಆ ರಹಾ ಹೂಂ, ಅಮ್ಮ."

"ಕನ್ನಡದಲ್ಲಿ ಹೇಳು. ಈ ಮನೆಯಲ್ಲಿ ನಿನ್ನ ಹಿಂದಿ ಬೇಡ, ನನಗೆ ಮಾತಾಡೋಕೆ ಇರೋದೇ ನೀವು ಮೂವರು."

ಅಮ್ಮ ಮೈಸೂರಿನವಳು. ಮದುವೆಯಾಗಿ ಬಂದ ಮೇಲೆ ಈ ಗಲ್ಲಿಗೆ ಒಗ್ಗಿಕೊಳ್ಳಲು ಅವಳು ಪ್ರಯತ್ನ ಪಟ್ಟಳೋ ಇಲ್ಲವೋ, ನನಗೆ ಕಂಡಂತೆ ಒಗ್ಗಲಿಲ್ಲ. ಚಳಿಗಾಲದಲ್ಲಿ ಆ ತಣ್ಣೀರಿಗೆ ನನ್ನ ಹಲ್ಲು ಕಟಕಟ ಅನ್ನುವಾಗ ಅವಳು ಕದ್ದು ಒಂದು ಚೊಂಬು ಬಿಸಿನೀರು ಹಗ್ಗದಲ್ಲಿ ಇಳಿಬಿಡುತ್ತಿದ್ದಳು. ಅಜ್ಜಿ ನೋಡಿದರೂ ನೋಡದವಳ ಹಾಗೆ ಇರುತ್ತಿದ್ದಳು. ನನ್ನ ಆಟದ ಬಗ್ಗೆ ಮನೆಯಲ್ಲಿ ನಿಜವಾದ ವಿರೋಧ ಯಾರದ್ದೂ ಇರಲಿಲ್ಲ, ಅದೇ ನನಗೆ ಹಿಂಸೆ. ವಿರೋಧಿಸಿದ್ದರೆ ಜಗಳವಾಡಬಹುದಿತ್ತು. ಆಟದ ದಿನ ಎಲೆಗೆ ಒಬ್ಬರು ಕಡಿಮೆ ಬೀಳುತ್ತಿದ್ದರು, ಅಷ್ಟೇ.

ನಮಗೆ ಆಟ ಕಲಿಸಿದವರು ಘೋಷ್‌ದಾ. ಬಂಗಾಲಿ ಟೋಲಾದವರು, ಬ್ಯಾಂಕಿನಲ್ಲಿ ಗುಮಾಸ್ತರು, ಮದುವೆಯಾಗಿರಲಿಲ್ಲ. ಸಂಜೆ ಆಫೀಸಿನ ಪ್ಯಾಂಟನ್ನೇ ಮಡಿಚಿಕೊಂಡು ಸೀಟಿ ಊದುತ್ತ ಮೈದಾನದ ತುಂಬ ಓಡಾಡುತ್ತಿದ್ದರು. ನಾನು ಎಲೆಗೆ ಕೂತು ಮ್ಯಾಚು ತಪ್ಪಿಸಿಕೊಂಡ ಮರುದಿನ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಿದ್ದರು.

"ಪಂಡಿತ್, ತುಮ್ ಖೇಲೋಗೇ ಯಾ ಖಾವೋಗೇ?"

ಆಡುತ್ತೀಯೋ ಉಣ್ಣುತ್ತೀಯೋ. ಹುಡುಗರೆಲ್ಲ ನಗುತ್ತಿದ್ದರು. ನನಗೆ ಉತ್ತರ ಗೊತ್ತಿತ್ತು, ಆದರೆ ಉತ್ತರ ಕೊಡಬೇಕಾದವರು ಅಪ್ಪ. ಹುಡುಗನಾಗಿದ್ದಾಗ ನನಗಿದ್ದ ಆಸೆ ದೊಡ್ಡದೇನಲ್ಲ. ಒಂದು ಬೆಳಿಗ್ಗೆ, ಒಂದೇ ಒಂದು ಬೆಳಿಗ್ಗೆ, ಎಲೆಗೆ ಜನ ಸಾಲದೆ ಇದ್ದಾಗ ಅಪ್ಪ ನನ್ನ ಮುಖ ನೋಡಿ, ಇವತ್ತು ನೀನು ಕೂರುವುದು ಬೇಡ, ನಾನು ಯಾರನ್ನಾದರೂ ತರುತ್ತೇನೆ, ನೀನು ಹೋಗಿ ಆಡು, ಅನ್ನಬೇಕು. ತಾನಾಗಿ ಅನ್ನಬೇಕು. ಅವರು ಕೆಟ್ಟವರಲ್ಲ. ನನ್ನ ಮೇಲೆ ಕೈ ಎತ್ತಿದವರೂ ಅಲ್ಲ. ಅವರಿಗೆ ಹಜಾರದಲ್ಲಿ ಕಾದು ಕೂತವರು ಮಾತ್ರ ಕಾಣುತ್ತಿದ್ದರು. ಅಷ್ಟು ದೂರದಿಂದ ರೈಲಿನಲ್ಲಿ ಎರಡು ರಾತ್ರಿ ಕೂತು ಬಂದಿದ್ದಾರೆ, ಬರಿಗೈಲಿ ಕಳಿಸೋದು ಹೇಗೆ, ಎಂಬ ಒಂದೇ ಮಾತು ಅವರ ಬಳಿ ಇದ್ದದ್ದು.

ನನಗೆ ಹತ್ತೊಂಬತ್ತು ನಡೆಯುತ್ತಿದ್ದ ವರ್ಷ, ಪಿತೃಪಕ್ಷದ ನಡುವೆ, ನಮ್ಮ ಟೂರ್ನಮೆಂಟಿನ ಫೈನಲ್ ಬಂತು. ಘೋಷ್‌ದಾ ತಮ್ಮ ಹಳೆಯ ಪರಿಚಯ ಹಿಡಿದು ಕೊಲ್ಕತ್ತಾದ ಒಂದು ಕ್ಲಬ್ಬಿನವರನ್ನು ಆಟ ನೋಡಲು ಒಪ್ಪಿಸಿದ್ದರು. ಅದಕ್ಕೆ ಮೂರು ವರ್ಷದಿಂದ ಕಾಗದ ಬರೆಯುತ್ತಿದ್ದರಂತೆ. ನಾನು ಒಂದು ವಾರ ಮೊದಲೇ ಅಪ್ಪನಿಗೆ ಹೇಳಿದ್ದೆ. ನೋಡೋಣ, ಅಂದಿದ್ದರು. ಆ ದಿನ ಬೆಳಿಗ್ಗೆ ಮರಾಠಿ ಭಟ್ಟರ ಮನೆಯಿಂದ ಜ್ವರ ಎಂದು ಹೇಳಿ ಕಳಿಸಿದರು. ಅಪ್ಪ ಮತ್ತೆ ಹೊರಗೆ ಹೋಗಿ ಎರಡು ಗಂಟೆ ಅಲೆದು ಬಂದದ್ದನ್ನು ನಾನು ನೋಡಿದ್ದೇನೆ, ಅದನ್ನು ಇಲ್ಲವೆನ್ನುವುದಿಲ್ಲ. ಆಮೇಲೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಅಂಗವಸ್ತ್ರವೆಲ್ಲ ಬೆವರು.

"ಶ್ರೀಧರಾ, ಗಂಗೇಲಿ ಮುಳುಗಿ ಬಾ."

"ಅಪ್ಪ, ಇವತ್ತು ಮ್ಯಾಚು. ಹೇಳಿದ್ನಲ್ಲ."

"ಗೊತ್ತು."

"ಗೊತ್ತಿದ್ದೂ ಕರೀತೀರಾ?"

"ಕೆಳಗೆ ಬಂದು ಅವರ ಮುಖ ನೋಡು. ಆಮೇಲೆ ಆಗಲ್ಲ ಅನ್ನು."

ನಾನು ಮುಖ ನೋಡಲು ಹೋಗಬಾರದಿತ್ತು. ಹಜಾರದಲ್ಲಿ ಗದಗಿನ ಕಡೆಯ ವಯಸ್ಸಾದ ಗಂಡ ಹೆಂಡತಿ ಗೋಡೆಗೆ ಒರಗದೆ ಕೂತಿದ್ದರು. ಹಿಂದಿನ ವರ್ಷ ಅವರ ಒಬ್ಬನೇ ಮಗ ಮೋಟಾರ್ ಸೈಕಲ್ಲಿನಿಂದ ಬಿದ್ದು ಸತ್ತಿದ್ದ. ಮದುವೆಯಾಗಿರಲಿಲ್ಲ, ಅಣ್ಣತಮ್ಮಂದಿರಿಲ್ಲ, ಹಾಗಾಗಿ ಮಗನ ಶ್ರಾದ್ಧವನ್ನು ಹೆತ್ತ ಅಪ್ಪ, ಆ ರಾಯರೇ ಮಾಡಬೇಕು. ನನ್ನಂಥ ಬ್ರಹ್ಮಚಾರಿಯನ್ನು ಸತ್ತವರ ಸ್ಥಾನಕ್ಕೆ ಕೂರಿಸುವುದು ಸರಿಯಲ್ಲ ಎಂದು ಅಜ್ಜಿ ಅಡುಗೆಮನೆಯಿಂದಲೇ ತನ್ನ ಹಳೆಯ ತಗಾದೆ ತೆಗೆದಳು. ನನಗೆ ಒಂದು ಕ್ಷಣ ಆಸೆಯಾಯಿತು. ಆದರೆ ಅಪ್ಪ ತಗ್ಗಿದ ದನಿಯಲ್ಲಿ, "ಸತ್ತವನೂ ಬ್ರಹ್ಮಚಾರಿಯೇ ಕಣಮ್ಮ" ಅಂದರು. ಅಜ್ಜಿ ಒಲೆಗೆ ಸೌದೆ ಒಟ್ಟಿದಳು. ನಾನು ಘಾಟಿಗೆ ಹೋಗಿ ಮುಳುಗಿ ಬಂದೆ. ನೀರು ಮೇಲೇರಿತ್ತು, ಕೆಂಪಗಿತ್ತು, ಮುಳುಗುವಾಗ ನಾನು ಅಪ್ಪನನ್ನು ಮನಸಾರೆ ಬೈದುಕೊಂಡೆ.

ಎಲೆಗೆ ಕೂರುವವನ ಕಾಲನ್ನು ಶ್ರಾದ್ಧ ಮಾಡುವವರು ತೊಳೆಯಬೇಕು. ಅಂಗಳದಲ್ಲಿ ಸಗಣಿಯಿಂದ ಸಾರಿಸಿದ ಮಂಡಲದ ಮೇಲೆ ನಾನು ನಿಂತೆ, ಆ ರಾಯರು ಬಗ್ಗಿ ಕೂತರು. ಹಿಂದಿನ ವಾರದ ಆಟದಲ್ಲಿ ಯಾರದೋ ಬೂಟು ಬಿದ್ದು ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಹಿಮ್ಮಡಿಯ ಮೇಲೆ ಸುಲಿದ ಗಾಯ. ನೀರು ಹಾಕುತ್ತಿದ್ದ ಅವರ ಕೈ ಅಲ್ಲಿಗೆ ಬಂದು ನಿಂತಿತು. ಮಂತ್ರ ಹೇಳುತ್ತಿದ್ದ ಅಪ್ಪನೂ ನಿಲ್ಲಿಸಿದರು. ರಾಯರು ತಲೆಯೆತ್ತಿ ಕೇಳಿದರು.

"ಕಾಲಿಗೆ ಏನ್ ಮಾಡ್ಕೊಂಡೀಯೋ, ತಮ್ಮಾ?"

"ಫುಟ್‌ಬಾಲ್ ಆಡ್ತೀನಿ."

ರಾಯರು ಮತ್ತೆ ಬಗ್ಗಿದರು. ಗಾಯವನ್ನು ಬಿಟ್ಟು ಸುತ್ತ ತೊಳೆದರು, ಆಮೇಲೆ ತಮ್ಮ ಪಂಚೆಯ ತುದಿಯಿಂದ ಒಂದೊಂದೇ ಬೆರಳನ್ನು ಒರೆಸಿದರು. ಒರೆಸುವುದು ವಿಧಿಯಲ್ಲಿ ಇಲ್ಲ. ಅವರ ತಲೆ ನನ್ನ ಮಂಡಿಯ ಹತ್ತಿರ ಅಲ್ಲಾಡುತ್ತಿತ್ತು, ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನನ್ನ ಕಾಲನ್ನು ಅಷ್ಟು ಜೋಪಾನವಾಗಿ ಯಾರೂ ಅದಕ್ಕೆ ಮೊದಲು ಮುಟ್ಟಿರಲಿಲ್ಲ, ಆಮೇಲೂ ಮುಟ್ಟಿಲ್ಲ, ಡಾಕ್ಟರರೂ ಸೇರಿ.

ಊಟದ ಹೊತ್ತಿನಲ್ಲಿ ಉಣ್ಣುವವನು ಮಾತಾಡಬಾರದು. ಬೇಕು ಬೇಡ ಎಲ್ಲ ಕೈಸನ್ನೆ. ಬಡಿಸಲು ಆ ತಾಯಿಯೇ ನಿಂತರು. ಮಗನಿಗೆ ಇಷ್ಟವೆಂದು ಗೋಧಿ ಹುಗ್ಗಿ ಮಾಡಿಸಿದ್ದರು, ಊರಿನಿಂದ ಬೆಲ್ಲ, ಗೋಧಿ ಹೊತ್ತು ತಂದಿದ್ದರಂತೆ. ಒಂದು ಸೌಟು ಹಾಕಿದರು, ನಾನು ಉಂಡೆ. ಇನ್ನೊಂದು ಹಾಕಿ ನನ್ನ ಕೈಯನ್ನೇ ನೋಡುತ್ತ ನಿಂತರು. ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯಬಹುದಿತ್ತು. ಹಿಡಿಯಲು ಆಗಲಿಲ್ಲ. ವಡೆ, ಎಳ್ಳುಂಡೆ, ಪಾಯಸ, ಮೇಲೆ ಮತ್ತೆ ಹುಗ್ಗಿ. ಎದುರು ಗೋಡೆಯ ಗಡಿಯಾರದಲ್ಲಿ ಎರಡು ದಾಟಿತ್ತು, ಆಟ ನಾಲ್ಕಕ್ಕೆ. ಎದೆಯವರೆಗೆ ತುಂಬಿಕೊಂಡು, ಉಸಿರು ಬಿಡುವುದಕ್ಕೂ ಜಾಗವಿಲ್ಲದೆ, ನಾನು ಆ ಸತ್ತ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡೆ. ಕೊನೆಯಲ್ಲಿ ರಾಯರು ಸಂಪ್ರದಾಯದ ಪ್ರಕಾರ, ತೃಪ್ತಿಯಾಯಿತೇ ಎಂದು ಸಂಸ್ಕೃತದಲ್ಲಿ ಕೇಳಿದರು. ಆಯಿತು ಅಂದೆ. ಅದು ಬಾಯಿಪಾಠ.

ಪಿಂಡ ಹಾಕುವುದೆಲ್ಲ ಮುಗಿದ ಮೇಲೆ ಅಪ್ಪ ಎದ್ದು ನಿಂತು ಕೈಮುಗಿದರು. ಕೈ ಮುಗಿಸಿಕೊಳ್ಳಬೇಕಾದವರೇ ಮುಗಿದದ್ದು ನೋಡಿ ಆ ಇಬ್ಬರೂ ಗಾಬರಿಯಾದರು.

"ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು" ಅಂದರು ಅಪ್ಪ. "ಎಲೆಗೆ ಕೂತವನು ನಾಳೆ ಬೆಳಗಿನವರೆಗೆ ಮೈ ದಣಿಸಬಾರದು. ದಣಿಸಿದರೆ ಈ ಕರ್ಮಕ್ಕೆ ಕುಂದು. ಇವನು ನನ್ನ ಮಗ, ಇವನಿಗೆ ಇವತ್ತು ಒಂದು ಆಟ ಇದೆ. ಬಹಳ ದಿನದಿಂದ ಕಾದಿದ್ದಾನೆ. ಹೋಗು ಅನ್ನೋ ಅಧಿಕಾರ ನನಗಿಲ್ಲ, ಇದು ನಿಮ್ಮ ಮಗನ ಕೆಲಸ. ನೀವು ಬೇಡ ಅಂದರೆ ಇವನು ಹೋಗೋದಿಲ್ಲ."

ರಾಯರು ಹೆಂಡತಿಯ ಮುಖ ನೋಡಿದರು. ಆಕೆ ನನ್ನ ಕಡೆಯೇ ನೋಡುತ್ತಿದ್ದರು.

"ನಮ್ಮಾಂವ ಉಂಡ ಮ್ಯಾಲೆ ಒಂದು ಗಳಿಗಿ ಕೂತವನಲ್ಲರೀ" ಅಂದರು. "ಕೈ ತೊಳಕೊಂಡಾಂವ ಹಂಗ ಗಾಡಿ ತಗೊಂಡು ಹೊರಗ. ಕೂಡೋ, ಕೂಡೋ ಅಂತ ನಾನು ಒದರತಿದ್ದೆ. ಹೋಗಲಿ ಬಿಡ್ರಿ. ಇಂವಾ ಹೋದರನ ಖರೇ ಅನಸ್ತದ. ಹೋಗಪಾ, ಭಾಳ ಜೋರ್ ಓಡಬ್ಯಾಡ."

ಅಪ್ಪ ನನ್ನ ಕಡೆ ತಿರುಗಲೂ ಇಲ್ಲ, ದರ್ಭೆ ಎತ್ತಿಡತೊಡಗಿದರು. ನನಗೆ ಹೋಗಲು ಸಿಕ್ಕಿತು, ಆದರೆ ಅವರಿಂದ ಸಿಗಲಿಲ್ಲ. ಪರ ಊರಿನವರ ಬಾಯಿಂದ ಹೇಳಿಸಿದರಲ್ಲ ಎಂಬ ಉರಿ ನನಗೆ ಎಷ್ಟೋ ವರ್ಷ ಆರಲಿಲ್ಲ. ಅವರ ಸ್ಥಾನದಲ್ಲಿ ಬೇರೆ ಪುರೋಹಿತರಿದ್ದರೆ ಯಾರಿಗೂ ಹೇಳದೆ ಹಿಂಬಾಗಿಲಿಂದ ಕಳಿಸುತ್ತಿದ್ದರು. ಹಾಗೆ ಕಳಿಸುವ ಅಪ್ಪ ಬೇಕಿತ್ತೋ ಇಂಥ ಅಪ್ಪ ಬೇಕಿತ್ತೋ ಎಂದು ಕೇಳಿದರೆ, ಆ ವಯಸ್ಸಿನಲ್ಲಿ ನಾನು ಹಿಂಬಾಗಿಲಿನ ಅಪ್ಪನನ್ನೇ ಕೇಳುತ್ತಿದ್ದೆ.

ಮೊದಲರ್ಧದಲ್ಲಿ ನಾನು ಆಡಿದ್ದು ಆಟವೇ ಅಲ್ಲ. ಹೊಟ್ಟೆಯಲ್ಲಿ ಹುಗ್ಗಿ ಹೊತ್ತುಕೊಂಡು ಗೆರೆಯ ಪಕ್ಕದಲ್ಲಿ ಕುಂಟುತ್ತಿದ್ದೆ. ಘೋಷ್‌ದಾ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಕ್ಲಬ್ಬಿನಿಂದ ಬಂದವರು ಕಡಲೆಕಾಯಿ ಸುಲಿಯುತ್ತ ಬೇರೆ ಕಡೆ ನೋಡುತ್ತಿದ್ದರು. ಬಿಡುವಿನಲ್ಲಿ ನಾನು ಗೋಲ್‌ಕಂಬದ ಹಿಂದೆ ಹೋಗಿ ಬಗ್ಗಿದೆ, ಎಲ್ಲ ಹೊರಗೆ ಬಂತು. ನಸೀಮ್ ನನ್ನ ಹಣೆ ಹಿಡಿದುಕೊಂಡಿದ್ದ. ಅವನಿಗೆ ಅದು ಬರೀ ವಾಂತಿ. ನನಗೆ ಆ ತಾಯಿ ನಿಂತು ಬಡಿಸಿದ್ದು ಮಣ್ಣಿನ ಮೇಲೆ ಬಿದ್ದದ್ದು ಕಾಣುತ್ತಿತ್ತು. ಬಾಯಿ ತೊಳೆದುಕೊಂಡು ಮೈದಾನಕ್ಕೆ ಇಳಿದೆ. ಮೈ ಹಗುರವಾಗಿತ್ತು, ಮನಸ್ಸು ಕೆಟ್ಟಿತ್ತು, ಹಾಗಿದ್ದಾಗ ಓಡಿದ ಓಟವನ್ನು ನಾನು ಮತ್ತೆಂದೂ ಓಡಲಿಲ್ಲ. ಎರಡು ಗೋಲು ಮಾಡಿಸಿದೆ, ಒಂದು ನಾನೇ ಹೊಡೆದೆ. ಆಟ ಮುಗಿದ ಮೇಲೆ ಕಡಲೆಕಾಯಿಯವರು ನನ್ನ ಹೆಸರು, ವಯಸ್ಸು ಕೇಳಿದರು. ಮನೆಯಲ್ಲಿ ಮೀನು ತಿನ್ನುತ್ತೀರಾ ಎಂದೂ ಕೇಳಿದರು. ಇಲ್ಲ ಅಂದದ್ದಕ್ಕೆ, ಮೆಸ್ಸಿನಲ್ಲಿ ಕಷ್ಟವಾಗುತ್ತದೆ ಅಂದರು. ಆಯ್ಕೆಯಾಯಿತು ಎಂದು ನನಗೆ ಗೊತ್ತಾದದ್ದು ಹಾಗೆ.

ಮನೆಗೆ ಬಂದಾಗ ಅಪ್ಪ ಹೊಸಿಲಿನ ಹತ್ತಿರವೇ ಕೂತಿದ್ದರು. ಗೆದ್ದೆಯಾ, ಸೋತೆಯಾ, ಕ್ಲಬ್ಬಿನವರು ಬಂದಿದ್ದರಾ, ಏನೂ ಕೇಳಲಿಲ್ಲ.

"ವಾಂತಿ ಆಯ್ತೇನೋ?"

"ಹೂಂ."

"ಪೂರ್ತಿ?"

"ಪೂರ್ತಿ."

ಅವರು ನಿಟ್ಟುಸಿರು ಬಿಟ್ಟು ಎದ್ದು ಚಪ್ಪಲಿಯಿಲ್ಲದೆ ಗಲ್ಲಿಗಿಳಿದರು, ಮರುದಿನದ ಎಲೆಗೆ ಯಾರನ್ನಾದರೂ ಒಪ್ಪಿಸಲು. ಉಂಡವನ ಹೊಟ್ಟೆಯಲ್ಲಿ ನಿಲ್ಲದ ಅನ್ನ ಸತ್ತವರಿಗೆ ಮುಟ್ಟಿಲ್ಲ, ಮತ್ತೆ ಮಾಡಬೇಕು, ಎಂಬುದು ಅವರ ಲೆಕ್ಕ. ಗದಗಿನವರಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಮರುದಿನ ಇಡೀ ಶ್ರಾದ್ಧ ಮೊದಲಿನಿಂದ ನಡೆಯಿತು, ಯಾರೋ ತೆಲುಗು ಮುದುಕರು ಕೂತು ಉಂಡರು. ನಾನು ಮೇಲಿನ ಕೋಣೆಯಿಂದ ಕೆಳಗಿಳಿಯಲಿಲ್ಲ. ಊರಿಗೆ ಹೊರಡುವ ಮೊದಲು ಆ ತಾಯಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನನ್ನ ಕೈಯಲ್ಲಿ ಒಂದು ಎಳ್ಳುಂಡೆ ಇಟ್ಟರು.

"ನಿನ್ನಿ ಆಟ ಗೆದ್ರೇನೋ?"

"ಗೆದ್ವಿ, ಅಮ್ಮ."

"ಗೆದ್ರಿ. ಛಲೋ ಆತು."

ಅಷ್ಟೇ ಹೇಳಿ ಇಳಿದು ಹೋದರು. ಅವತ್ತು ನಾನು ಅತ್ತೆ.

ಕೊಲ್ಕತ್ತಾದ ಎರಡು ಸೀಸನ್ನನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಆ ಕ್ಲಬ್ಬು ಈಗಲೂ ಇದೆ, ಅಲ್ಲಿ ನನ್ನ ನೆನಪು ಯಾರಿಗೂ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ಆರು ಜನ ಒಂದು ಕೋಣೆ, ಅನ್ನದ ಜೊತೆ ಮೀನಿನ ಸಾರು, ನನಗೆ ಬೇಳೆ, ಬೇಯಿಸಿದ ಆಲೂಗಡ್ಡೆ. ಅಲ್ಲೂ ನಾನು ಪಂಡಿತನೇ. ಮೊದಲ ಸೀಸನ್ನಿನಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕೂತೆ, ಎರಡನೆಯದರಲ್ಲಿ ಹನ್ನೊಂದರಲ್ಲಿ ಒಬ್ಬನಾದೆ. ಗ್ಯಾಲರಿ ತುಂಬ ಜನ ಒಟ್ಟಿಗೆ ಎದ್ದು ನಿಂತು ಕೂಗುವಾಗ ಗೆರೆಯ ಪಕ್ಕ ಓಡಿದ್ದೇನೆ, ಆ ಸುಖ ಇಲ್ಲವೆಂದರೆ ಸುಳ್ಳಾಗುತ್ತದೆ. ಒಂದು ಪತ್ರಿಕೆಯಲ್ಲಿ ಫೋಟೋ ಬಂತು, ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಮಳೆಗಾಲದ ಒಂದು ಸಂಜೆ ಕೆಸರಿನಲ್ಲಿ ಬೂಟು ಕಚ್ಚಿಕೊಂಡಿತು, ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಒಳಗೆ ಏನೋ ಹರಿದ ಶಬ್ದ ನನಗೇ ಕೇಳಿಸಿತು. ಆಸ್ಪತ್ರೆ, ಆಪರೇಷನ್ನು, ಮತ್ತೊಂದು ಆಪರೇಷನ್ನು. ಸೀಸನ್ ಮುಗಿಯುವವರೆಗೆ ಅವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಮುಗಿದ ಮೇಲೆ ಕಳಿಸಿಕೊಟ್ಟರು. ರೈಲಿನಿಂದ ನನ್ನನ್ನು ಇಳಿಸಿಕೊಳ್ಳಲು ನಸೀಮ್ ಮತ್ತು ಘೋಷ್‌ದಾ ಬಂದಿದ್ದರು. ದೊಡ್ಡ ರಸ್ತೆಯಿಂದ ಆಚೆ ಗಾಡಿ ಬರುವುದಿಲ್ಲ, ಗಲ್ಲಿಯುದ್ದಕ್ಕೂ ಇಬ್ಬರ ಹೆಗಲ ಮೇಲೆ ಬಂದೆ. ಮನೆಯ ಮೆಟ್ಟಿಲು ಎಷ್ಟು ಕಡಿದಾಗಿದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಆ ವರ್ಷ ಮೇಲಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕಾಲು ಚಾಚಿಕೊಂಡು ಕೂತು ಮನೆಯ ಜಗಳಗಳನ್ನೆಲ್ಲ ಕೇಳಿಸಿಕೊಂಡೆ. ಮುಂಚೆ ನಮ್ಮ ಮನೆಯಲ್ಲಿ ಜಗಳವೇ ಇರಲಿಲ್ಲ. ಅಮ್ಮನಿಗೆ ಒಂದೇ ನಂಬಿಕೆ, ಸತ್ತವನ ಎಲೆ ಉಂಡು ಓಡಿದ್ದಕ್ಕೆ ಹೀಗಾಯಿತು ಎಂದು. ಎರಡು ವರ್ಷ ಬಿಟ್ಟು, ಅದೂ ಕೊಲ್ಕತ್ತಾದಲ್ಲಿ ಯಾಕೆ ಆಗಬೇಕು ಎಂದು ನಾನು ಕೇಳಿದೆ. ಅದಕ್ಕೆಲ್ಲ ಲೆಕ್ಕ ಉಂಟೇನೋ, ಅಂದಳು. ನನ್ನ ಹತ್ತಿರ ಇಷ್ಟು ಹೇಳಿ, ಉಳಿದದ್ದನ್ನು ಅಪ್ಪನ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಒಂದು ದಿನ ಅಪ್ಪ ಊಟಕ್ಕೆ ಕೂತಾಗ ಅನ್ನದ ಪಾತ್ರೆಯನ್ನು ಕೆಳಗಿಟ್ಟು ನಿಂತೇಬಿಟ್ಟಳು.

"ಅವತ್ತು ನೀವು ತಡೀಬೇಕಿತ್ತು. ಇಲ್ಲಾ, ಮೊದಲೇ ಕೂರಿಸಬಾರದಿತ್ತು. ಎರಡೂ ಮಾಡಲಿಲ್ಲ ನೀವು."

"ಮರುದಿನ ಮತ್ತೆ ಮಾಡಿ ಸರಿಪಡಿಸಿದೆನಲ್ಲೇ."

"ಅವರ ಮಗನದ್ದನ್ನ ಸರಿಪಡಿಸಿದಿರಿ. ನಮ್ಮ ಮಗನದ್ದನ್ನ?"

ಅಪ್ಪ ಅನ್ನ ಕಲಸಿದ್ದ ಕೈ ಎಲೆಯ ಮೇಲೆ ಹಾಗೆಯೇ ಇತ್ತು. ನನಗೆ ಮೂಢನಂಬಿಕೆಗಳಿಲ್ಲ, ಕೆಸರಿನಿಂದ ಮಂಡಿ ಹೋಯಿತು, ಅಷ್ಟೇ ಎಂದು ಈಗಲೂ ಹೇಳುತ್ತೇನೆ. ಆದರೂ ಅವತ್ತು ಅಮ್ಮನ ಮಾತು ಕೇಳಿ ನನಗೆ ಒಳಗೊಳಗೇ ಹಿತವಾಯಿತು. ಕೊನೆಗೂ ಯಾರೋ ಕೇಳಿದರಲ್ಲ ಎಂದು. ಅಪ್ಪನ ಮುಖ ನೋಡಿದ ಮೇಲೆ ಆ ಹಿತ ಉಳಿಯಲಿಲ್ಲ. ಅವರು ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡರು, ಆಮೇಲೆ ತಿಂಗಳುಗಟ್ಟಲೆ ಅವರಿಬ್ಬರ ನಡುವೆ ಬೇಕು ಬೇಡದ ಮಾತುಗಳೆಲ್ಲ ಅಜ್ಜಿಯ ಮೂಲಕ ಹೋಗಿ ಬಂದವು.

ಮತ್ತೆ ಪಿತೃಪಕ್ಷ ಬಂತು. ಕೆಳಗಿನ ಒಲೆ ಹೊತ್ತಿತು. ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ಅಲೆದು, ಸಿಗಬೇಕಾದವರು ಸಿಗದೆ, ಮೆಟ್ಟಿಲು ಹತ್ತಿ ಬಂದರು. ಅಭ್ಯಾಸಬಲ, ಕಾಲುಗಳೇ ಅವರನ್ನು ಕರೆದು ತಂದಿರಬೇಕು. ಬಾಗಿಲಲ್ಲಿ ನಿಂತು, "ಶ್ರೀಧರಾ" ಅಂದರು. ನಾನು ಏಳಲು ಹೊರಟೆ. ನಿಜವಾಗಿ ಹೊರಟೆ, ಆ ಕ್ಷಣಕ್ಕೆ ನನಗೂ ಮರೆತಿತ್ತು. ಎಲೆಗೆ ಕೂರುವವನು ಚಕ್ಕಳಮಕ್ಕಳ ಹಾಕಿ, ಕರ್ಮ ಮುಗಿಯುವವರೆಗೆ ಅಲುಗಾಡದೆ ಕೂರಬೇಕು. ನನ್ನ ಬಲ ಮಂಡಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಸ್ಟೂಲಿನ ಮೇಲೆ ಚಾಚಿದ್ದ ಆ ಕಾಲನ್ನು ಅಪ್ಪ ಸ್ವಲ್ಪ ಹೊತ್ತು ನೋಡಿದರು. ಹತ್ತಿರ ಬಂದು, ಜಾರಿದ್ದ ದಿಂಬನ್ನು ಅದರ ಕೆಳಗೆ ಸರಿಯಾಗಿ ಇಟ್ಟರು.

"ಬೇಡ" ಅಂದರು. "ಇವತ್ತು ನೀನು ಕೂರೋದು ಬೇಡ. ನಾನು ಯಾರನ್ನಾದರೂ ಕರ್ಕೊಂಡು ಬರ್ತೀನಿ."

ಯಾರೂ ಹೇಳಿಸಿರಲಿಲ್ಲ, ತಾವಾಗಿಯೇ ಅಂದರು. ಅವರು ಮೆಟ್ಟಿಲಿಳಿದು ಗಲ್ಲಿಗೆ ಹೋದದ್ದು ಕೇಳಿಸಿತು. ಇಡೀ ದಿನ ನನ್ನದೇ ಆಗಿತ್ತು, ಎಷ್ಟು ಬೇಕಾದರೂ ದಣಿಯಬಹುದಿತ್ತು, ನನಗೆ ಎಲ್ಲಿಗೂ ಹೋಗುವುದಿರಲಿಲ್ಲ.